ಗುಲಾಬಿ ಪೆಟ್ಟಿಗೆಯೊಳಗಿನ ಆಂಡೀಸ್ ಹಕ್ಕಿಗಳು

ನೈರೋಬಿಯ ಲಂಗಾಟಾದಲ್ಲಿ ನಾನು ಹಕ್ಕಿಗಳ ಕ್ಲಿನಿಕ್ ಮುಚ್ಚುವುದಕ್ಕೆ ಹಿಂದಿನ ವರ್ಷ, ಜುಲೈ ತಿಂಗಳಲ್ಲಿ ನಡೆದ ಪ್ರಕರಣ ಇದು. ಮಂಗಳೂರಿನಲ್ಲಿ ಹುಟ್ಟಿದ ನಾನು ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿದೆ. ಗಂಡ ವಿಕ್ಟರ್‌ಗೆ ಇಲ್ಲಿಯ ಕಾಲೇಜೊಂದರಲ್ಲಿ ಉಪನ್ಯಾಸಕರ ಕೆಲಸ ಸಿಕ್ಕಿದ್ದರಿಂದ ಈ ಊರಿಗೆ ಬಂದೆ. ಮೊದಲು ನಾಯಿ, ಬೆಕ್ಕು, ದನ ಎಲ್ಲವನ್ನೂ ನೋಡುತ್ತಿದ್ದೆ. ಬರಬರುತ್ತಾ ಹಕ್ಕಿಗಳೇ ಹೆಚ್ಚಾದವು. ರೆಕ್ಕೆ ಮುರಿದ ಗಿಡುಗ, ಹೆದ್ದಾರಿಯಲ್ಲಿ ಬಿದ್ದ ಗೂಬೆ, ಮನೆಯವರು ಬಿಸ್ಕತ್ತು ತಿನ್ನಿಸಿ ಕೆಡಿಸಿದ ಬೂದು ಗಿಳಿ. ಕಳ್ಳಸಾಗಣೆಯ ಹಕ್ಕಿ ಸಿಕ್ಕಿಬಿದ್ದಾಗ ವನ್ಯಜೀವಿ ಅಧಿಕಾರಿಗಳು ನನ್ನನ್ನು ಕರೆಯುವುದು ವಾಡಿಕೆಯಾಗಿತ್ತು.

ಜುಲೈ ಎಂದರೆ ನೈರೋಬಿಯಲ್ಲಿ ಚಳಿಗಾಲ. ಆ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ವಿಮಾನ ನಿಲ್ದಾಣದಲ್ಲಿದ್ದ ವನ್ಯಜೀವಿ ಅಧಿಕಾರಿ ವಂಜಿರು ಫೋನ್ ಮಾಡಿದಳು. ಹಲವು ವರ್ಷದ ಪರಿಚಯದ, ಮಾತು ಕಡಿಮೆಯ ಹೆಂಗಸು.

"ಡಾಕ್ಟಾರಿ, ಒಂದು ಗುಲಾಬಿ ಹೂವಿನ ಪೆಟ್ಟಿಗೆಯಲ್ಲಿ ಸಣ್ಣ ಹಕ್ಕಿಗಳು ಸಿಕ್ಕಿವೆ. ಸೂರಕ್ಕಿ ಇರಬೇಕು. ಎಲ್ಲಾ ಸತ್ತಿವೆ. ಯಾವ ಜಾತಿ ಅಂತ ಹೇಳಿದರೆ ಸಾಕು, ಸುಡಲು ಕಳಿಸುತ್ತಾರೆ."

ಫೋಟೋ ಕಳಿಸು ಎಂದೆ. ಕಳಿಸಿದಳು. ನೋಡಿದ ಕೂಡಲೇ ಲೋಟ ಕೆಳಗಿಟ್ಟೆ. ನೇರಳೆ ತಲೆ, ಬಿಳಿ ಎದೆ, ಎದೆಯ ನಡುವೆ ಉದ್ದಕ್ಕೆ ಕಪ್ಪು ಗೆರೆ. ಇದು ಆಫ್ರಿಕಾದ ಸೂರಕ್ಕಿಯಾಗಿರಲಿಲ್ಲ. ಹಮ್ಮಿಂಗ್‌ಬರ್ಡ್ ಆಗಿತ್ತು.

ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಊರಿನ ತೋಟದಲ್ಲಿ, ಕೆನ್ಯಾದ ಬೆಟ್ಟದಲ್ಲಿ ಹೂವಿನ ಮಕರಂದ ಕುಡಿಯುವ ಸೂರಕ್ಕಿಗೂ ಅದಕ್ಕೂ ರಕ್ತಸಂಬಂಧವಿಲ್ಲ. ಕಸುಬು ಒಂದೇ ಆಗಿದ್ದರಿಂದ ಕೊಕ್ಕು, ಬಣ್ಣ ಒಂದೇ ರೀತಿ ಆಗಿವೆ, ಅಷ್ಟೇ. ಫೋಟೋದಲ್ಲಿದ್ದದ್ದು ಹಿಲ್‌ಸ್ಟಾರ್ ಎಂಬ ಗುಂಪಿಗೆ ಸೇರಿದ ಬೆಟ್ಟದ ಜಾತಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿ ಮರಗಳು ಮುಗಿದು ಬರೀ ಹುಲ್ಲು, ಬಂಡೆ ಉಳಿಯುವ ಎತ್ತರದಲ್ಲಿ ಇದರ ವಾಸ. ಅಲ್ಲಿ ಗಾಳಿ ತೆಳು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ತೆಳು ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವುದು ದುಬಾರಿ. ಹಾಗಾಗಿ ಈ ಹಕ್ಕಿ ಇತರ ಹಮ್ಮಿಂಗ್‌ಬರ್ಡ್‌ಗಳಂತೆ ಗಾಳಿಯಲ್ಲಿ ತೇಲದೆ, ಗಟ್ಟಿ ಕಾಲಿನಿಂದ ಹೂವಿಗೇ ಅಂಟಿಕೊಂಡು ಕೂತು ಕುಡಿಯುತ್ತದೆ. ರಾತ್ರಿ ಬಂಡೆಯ ಸಂದು, ಗುಹೆ ಸೇರಿ, ಬದುಕಿದೆಯೋ ಇಲ್ಲವೋ ಎಂದು ತಿಳಿಯದಷ್ಟು ಆಳದ ಜಡತೆಗೆ ಜಾರುತ್ತದೆ. ಇದನ್ನು ಟಾರ್ಪರ್ ಎನ್ನುತ್ತೇವೆ. ಮೈಯ ಬಿಸಿ ಸುತ್ತಲಿನ ಚಳಿಯ ಹತ್ತಿರಕ್ಕೆ ಇಳಿಯುತ್ತದೆ, ನಿಮಿಷಕ್ಕೆ ನೂರಾರು ಸಲ ಬಡಿಯುವ ಹೃದಯ ಹತ್ತಾರು ಬಡಿತಕ್ಕೆ ಬರುತ್ತದೆ, ಉಸಿರು ಕಣ್ಣಿಗೆ ಕಾಣುವುದಿಲ್ಲ. ಬೆಳಗಾದರೆ ನಡುಗಿ ನಡುಗಿ ಮೈ ಬಿಸಿ ಮಾಡಿಕೊಂಡು ಏಳುತ್ತದೆ.

"ವಂಜಿರು, ಅವನ್ನು ಎಲ್ಲಿಟ್ಟಿದ್ದೀರಿ?"

"ಹೂವಿನ ಕೋಲ್ಡ್ ಸ್ಟೋರ್‌ನಲ್ಲಿ. ನಿನ್ನೆ ಸಂಜೆ ಪೆಟ್ಟಿಗೆ ಹಿಡಿದಾಗಿನಿಂದ ಅಲ್ಲೇ ಇದೆ."

"ಯಾರೂ ಸುಡಬಾರದು. ನಾನು ಬರುತ್ತಿದ್ದೇನೆ."

ಸೌತ್ ಬಿ ಬಡಾವಣೆಯ ಹತ್ತಿರ ಮಟಾಟುಗಳು ಅಡ್ಡಾದಿಡ್ಡಿ ನಿಂತು ರಸ್ತೆ ಕಟ್ಟಿಕೊಂಡಿತ್ತು. ಆ ಬಣ್ಣಬಣ್ಣದ ವ್ಯಾನುಗಳ ನಡುವೆ ಸ್ಟಿಯರಿಂಗ್ ಹಿಡಿದು ಕೂತಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಈ ಹಕ್ಕಿಯನ್ನು ಇಷ್ಟು ದೂರ ತಂದವನು ಅದನ್ನು ಗುಲಾಬಿಯ ಪೆಟ್ಟಿಗೆಯಲ್ಲೇ ಯಾಕೆ ಇಟ್ಟ? ಉತ್ತರ ಅಲ್ಲೇ ಹೊಳೆಯಿತು. ನೈರೋಬಿಯಿಂದ ಪ್ರತಿದಿನ ಗುಲಾಬಿಗಳು ತಣ್ಣಗಿನ ಪೆಟ್ಟಿಗೆಯಲ್ಲಿ ಹೊರದೇಶಕ್ಕೆ ಹಾರುತ್ತವೆ. ತಣ್ಣಗಿದ್ದರೆ ಈ ಹಕ್ಕಿ ಕೂಗುವುದಿಲ್ಲ, ಒದ್ದಾಡುವುದಿಲ್ಲ, ಹಸಿವೆಯಿಂದ ಬೇಗ ಸಾಯುವುದೂ ಇಲ್ಲ. ಆಂಡೀಸ್‌ನ ಚಳಿಯಲ್ಲಿ ಜೀವ ಉಳಿಸಿಕೊಳ್ಳಲು ಅದು ಕಂಡುಕೊಂಡ ದಾರಿಯನ್ನೇ ಯಾವನೋ ತಿಳಿದವನು ಸಾಗಾಟದ ಉಪಾಯ ಮಾಡಿಕೊಂಡಿದ್ದ. ತಿಳಿವಳಿಕೆ ಇಲ್ಲದೆ ಹಿಂಸೆ ಮಾಡುವವರನ್ನು ಬಹಳ ನೋಡಿದ್ದೆ. ಹಕ್ಕಿಯ ಬಗ್ಗೆ ಚೆನ್ನಾಗಿ ಓದಿಕೊಂಡು ಹಿಂಸೆ ಮಾಡಿದವನನ್ನು ನೋಡಿದ್ದು ಅದೇ ಮೊದಲು.

ಕಾರ್ಗೋ ಶೆಡ್‌ನ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಹತ್ತೊಂಬತ್ತು ಹಕ್ಕಿಗಳನ್ನು ಸಾಲಾಗಿ ಮಲಗಿಸಿದ್ದರು. ಒಂದೊಂದನ್ನೂ ಹತ್ತಿಯ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕೊಕ್ಕು ಮಾತ್ರ ಹೊರಗೆ ಬಿಟ್ಟು ಹೊಲಿದಿದ್ದರಂತೆ. ವಂಜಿರು ಬಟ್ಟೆ ಬಿಚ್ಚಿದ್ದಳು. ಪಕ್ಕದಲ್ಲಿ ಆರೋಗ್ಯ ತಪಾಸಣಾಧಿಕಾರಿ ಒಟಿಯೆನೊ ಪೆನ್ನು ಹಿಡಿದು ನಿಂತಿದ್ದರು. ಎತ್ತರದ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ.

"ಹೊರದೇಶದ ಸತ್ತ ಹಕ್ಕಿ. ರೋಗ ಹರಡಬಹುದು. ತಕ್ಷಣ ಸುಡಬೇಕು ಅನ್ನುವುದು ನಿಯಮ. ನೀವು ಜಾತಿಯ ಹೆಸರು ಬರೆದು ಸಹಿ ಹಾಕಿ," ಎಂದರು.

"ಇವು ಸತ್ತಿವೆ ಅಂತ ಯಾರು ಹೇಳಿದರು?"

"ಮುಟ್ಟಿ ನೋಡಿ ಡಾಕ್ಟಾರಿ. ಕಲ್ಲಿನ ಹಾಗೆ ತಣ್ಣಗಿವೆ. ನಾನು ಆಗಲೇ ಬರೆದಾಗಿದೆ."

ಒಂದು ಗಂಡು ಹಕ್ಕಿಯನ್ನು ಕೈಗೆ ತೆಗೆದುಕೊಂಡೆ. ತೂಕವೇ ಇಲ್ಲ. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಏನೂ ಕೇಳಿಸಲಿಲ್ಲ, ಶೆಡ್‌ನಲ್ಲಿ ಫೋರ್ಕ್‌ಲಿಫ್ಟ್‌ಗಳ ಗದ್ದಲ. ಆದರೆ ನನ್ನ ಕಿರುಬೆರಳನ್ನು ಅದರ ಕಾಲಿಗೆ ತಾಗಿಸಿದಾಗ ಉಗುರುಗಳು ನಿಧಾನವಾಗಿ, ಬಹಳ ನಿಧಾನವಾಗಿ ಮಡಚಿಕೊಂಡವು.

"ನನಗೆ ಒಂದು ಗಂಟೆ ಕೊಡಿ."

"ಸುಡುವ ಗಾಡಿ ಬಂದು ನಿಂತಿದೆ."

"ನಿಂತಿರಲಿ. ಜೀವ ಇರುವ ಪ್ರಾಣಿಯನ್ನು ಸುಟ್ಟಿರಿ ಅಂತ ನಾನು ಬರೆದು ಸಹಿ ಹಾಕುತ್ತೇನೆ. ಅದು ಬೇಕಾ?"

ನನ್ನ ದನಿ ಏರಿತ್ತು. ಅಕ್ಕಪಕ್ಕದಲ್ಲಿ ಪೆಟ್ಟಿಗೆ ಎತ್ತುತ್ತಿದ್ದವರು ನಿಂತು ನೋಡಿದರು. ಒಟಿಯೆನೊ ಮುಖ ಬಿಗಿದುಕೊಂಡು ಹೊರಗೆ ಹೋದರು. ವಂಜಿರು ತನ್ನ ಆಫೀಸಿನ ಹೀಟರ್ ತಂದು ಮೇಜಿನ ಹತ್ತಿರ ಇಟ್ಟಳು. ತಟ್ಟೆಯನ್ನು ಒಮ್ಮೆಲೇ ಬಿಸಿ ಮಾಡಬಾರದು. ಹೀಟರನ್ನು ದೂರವಿಟ್ಟು, ಹಕ್ಕಿಗಳ ಮೇಲೆ ನನ್ನ ಶಾಲು ಹೊದಿಸಿ ಕಾದೆವು.

ಮೊದಲು ಕೇಳಿಸಿದ್ದು ಸಣ್ಣ ಶಿಳ್ಳೆಯಂಥ ಉಸಿರು. ಶಾಲು ಎತ್ತಿದರೆ ನಾನು ಕೈಗೆ ತೆಗೆದುಕೊಂಡಿದ್ದ ಅದೇ ಗಂಡು ಗಡಗಡ ನಡುಗುತ್ತಿತ್ತು. ಎದೆಯ ಗರಿಗಳು ಕಣ್ಣಿಗೆ ಹಿಡಿಯದ ವೇಗದಲ್ಲಿ ಅದುರುತ್ತಿದ್ದವು. ಆಮೇಲೆ ಪಕ್ಕದ ಹೆಣ್ಣು. ಆಮೇಲೆ ಮೂಲೆಯ ಎರಡು. ವಂಜಿರು "ಮುಂಗು ವಾಂಗು" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು, ನಮ್ಮಲ್ಲಿ ಅಯ್ಯೋ ದೇವರೇ ಅಂದ ಹಾಗೆ. ಹನ್ನೊಂದು ಹಕ್ಕಿಗಳು ಎದ್ದವು. ಎಂಟು ಏಳಲಿಲ್ಲ. ಆ ಎಂಟರ ಎದೆಮೂಳೆ ಚಾಕುವಿನ ಹಾಗೆ ಎದ್ದು ಕಾಣುತ್ತಿತ್ತು. ಜಡತೆಗೆ ಹೋಗುವ ಮೊದಲೇ ಅವುಗಳ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಒಟಿಯೆನೊ ಒಳಗೆ ಬಂದು ತಟ್ಟೆ ನೋಡಿದರು. ಒಂದು ಹಕ್ಕಿ ಹಾರಲು ಹೋಗಿ ಅವರ ಅಂಗಿಯ ಜೇಬಿಗೆ ಕಚ್ಚಿಕೊಂಡಿತು. ಅವರು ಕದಲದೆ ನಿಂತರು. ಆದರೂ ಬರೆದಾಗಿದ್ದ ವರದಿಯನ್ನು ಹರಿಯಲಿಲ್ಲ. "ನಾನು ನೋಡಿದಾಗ ಸತ್ತಿದ್ದವು. ಅದು ನಿಜ ತಾನೇ?" ಎಂದರು. ಆ ಮಾತು ಮುಂದೆ ನಮಗೆ ಎಷ್ಟು ತೊಂದರೆ ಕೊಡುತ್ತದೆ ಎಂದು ಆಗ ಗೊತ್ತಾಗಲಿಲ್ಲ.

ಹಕ್ಕಿಗಳನ್ನು ಕ್ಲಿನಿಕ್‌ಗೆ ತಂದು ಸಕ್ಕರೆ ನೀರು ಕುಡಿಸುತ್ತಿದ್ದೆ. ಎಚ್ಚರವಿರುವ ಹಮ್ಮಿಂಗ್‌ಬರ್ಡ್ ಕೆಲವೇ ಗಂಟೆ ಉಪವಾಸವಿದ್ದರೂ ಸಾಯುತ್ತದೆ. ಹಾಗಾಗಿ ಸಿರಿಂಜು ಹಿಡಿದು ಒಂದಾದ ಮೇಲೆ ಒಂದಕ್ಕೆ ಕುಡಿಸುತ್ತಲೇ ಇರಬೇಕಿತ್ತು. ಆಗ ಪ್ರಭಾಕರನ ಫೋನ್ ಬಂತು.

ಪ್ರಭಾಕರ ಬೆಂಗಳೂರಿನವನು. ನೈರೋಬಿಯ ಪೇಟೆ ನಡುವಿನ ಸಿಬಿಡಿಯಲ್ಲಿ ಅವನ ಕ್ಲಿಯರಿಂಗ್ ಏಜೆನ್ಸಿ, ಅಂದರೆ ಬೇರೆಯವರ ಸರಕಿಗೆ ಕಾಗದಪತ್ರ ಮಾಡಿಸಿ ವಿಮಾನಕ್ಕೆ ಹತ್ತಿಸುವ ವ್ಯವಹಾರ. ನಮ್ಮ ಕನ್ನಡದವರ ಕೂಟಗಳಿಗೆ ಹಾಲ್ ಹಿಡಿಯುವುದು, ಊಟ ಹಾಕಿಸುವುದು ಎಲ್ಲಾ ಅವನೇ. ಅವನ ಮಗಳ ಗಿಳಿಗೆ ನಾನೇ ಔಷಧ ಕೊಟ್ಟಿದ್ದೆ.

"ಹೆಲೆನಕ್ಕ, ಹೇಗಿದೀರಾ? ಒಂದು ಸಣ್ಣ ಹೆಲ್ಪ್ ಬೇಕಿತ್ತು. ಆ ಕಾರ್ಗೋ ವಿಷಯ ನಿಮ್ಮ ಹತ್ರ ಬಂದಿದೆಯಂತೆ."

"ನಿನ್ನದಾ ಅದು?"

"ನಂದಲ್ಲ ಅಕ್ಕ, ಕ್ಲೈಂಟ್‌ದು. ಗಲ್ಫ್‌ನಲ್ಲಿ ಯಾರೋ ಕಲೆಕ್ಟರ್. ನಮ್ಮ ಆಫೀಸ್ ಹೆಸರಲ್ಲಿ ಬುಕ್ ಆಗಿದೆ ಅಷ್ಟೇ. ಡೆಡ್ ಅಂತ ಇನ್‌ಸ್ಪೆಕ್ಟರ್ ರಿಪೋರ್ಟ್ ಇದೆ. ನೀವೂ ಹಾಗೇ ಬರೆದುಬಿಟ್ಟರೆ ಅಲಂಕಾರದ ಸ್ಟಫ್ಡ್ ಬರ್ಡ್ಸ್ ಅಂತ ಮುಗಿದುಹೋಗತ್ತೆ. ಹೇಗಿದ್ರೂ ನಾಳೆ ನಾಡಿದ್ದು ಸಾಯೋವೇ ಅಲ್ವಾ?"

ಫೋನನ್ನು ಸ್ಪೀಕರ್‌ಗೆ ಹಾಕಿ ಮೇಜಿನ ಮೇಲಿಟ್ಟಿದ್ದೆ, ಸಿರಿಂಜು ನನ್ನ ಕೈಯಲ್ಲೇ ಇತ್ತು. ಎಡಗೈ ಮುಷ್ಟಿಯೊಳಗೆ ಒಂದು ಹೆಣ್ಣು ಹಕ್ಕಿ ಸಕ್ಕರೆ ನೀರಿಗೆ ನಾಲಿಗೆ ಚಾಚುತ್ತಿತ್ತು.

"ಪ್ರಭಾಕರ, ಕೋಲ್ಡ್ ಪೆಟ್ಟಿಗೆಯಲ್ಲಿಟ್ಟರೆ ಇವು ಸುಮ್ಮನಿರುತ್ತವೆ ಅಂತ ನಿನಗೆ ಯಾರು ಹೇಳಿದರು?"

ಅವನು ನಕ್ಕ. "ಎಲ್ಲಾ ಇಂಟರ್ನೆಟ್‌ನಲ್ಲಿ ಇದೆಯಲ್ಲ ಅಕ್ಕ."

ನಕ್ಕದ್ದೇ ತಪ್ಪೊಪ್ಪಿಗೆ. ನಂದಲ್ಲ, ಕ್ಲೈಂಟ್‌ದು ಎಂದವನಿಗೆ ಇದು ಗೊತ್ತಿತ್ತು. ನಾನು ಫೋನ್ ಇಟ್ಟೆ. ಆ ಹೆಣ್ಣು ಹಕ್ಕಿಯನ್ನು ಪಂಜರಕ್ಕೆ ಬಿಟ್ಟೆ. ಆಮೇಲೆ ವಂಜಿರುಗೆ ಫೋನ್ ಮಾಡಿ ಮಾತುಕತೆಯನ್ನು ಇದ್ದ ಹಾಗೆ ಹೇಳಿದೆ.

ತನಿಖೆಯಲ್ಲಿ ತಿಳಿದದ್ದು ಇಷ್ಟು. ಒಬ್ಬ ಪ್ರಯಾಣಿಕ ದಕ್ಷಿಣ ಅಮೆರಿಕದಿಂದ ಹಕ್ಕಿಗಳನ್ನು ಕೈಚೀಲದಲ್ಲಿ ತಂದಿದ್ದ. ದಾರಿಯುದ್ದಕ್ಕೂ ವಿಮಾನ ಬದಲಿಸುವ ಕಡೆಗಳಲ್ಲಿ ಶೌಚಾಲಯದೊಳಗೆ ಸಿರಿಂಜಿನಿಂದ ಕುಡಿಸಿದ್ದ. ನೈರೋಬಿಯಲ್ಲಿ ಅವನ್ನು ಪ್ರಭಾಕರನ ಗೋದಾಮಿಗೆ ಒಪ್ಪಿಸಿ ದೇಶ ಬಿಟ್ಟಿದ್ದ. ಹಮ್ಮಿಂಗ್‌ಬರ್ಡ್‌ಗಳನ್ನು ಪರವಾನಗಿ ಇಲ್ಲದೆ ಗಡಿ ದಾಟಿಸುವುದನ್ನು ಅಂತರರಾಷ್ಟ್ರೀಯ ಒಪ್ಪಂದ ತಡೆಯುತ್ತದೆ. ಪ್ರಭಾಕರನ ಮೇಲೆ ಕೇಸು ದಾಖಲಾಯಿತು.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಕೇಸಿನ ದೃಷ್ಟಿಯಲ್ಲಿ ಹನ್ನೊಂದು ಹಕ್ಕಿಗಳೂ ಸಾಕ್ಷ್ಯದ ವಸ್ತುಗಳು. ವಿಚಾರಣೆ ಮುಗಿಯುವವರೆಗೆ ಸಾಕ್ಷ್ಯವನ್ನು ಸರ್ಕಾರಿ ಉಗ್ರಾಣದಲ್ಲಿಡಬೇಕು ಎಂದು ಒಂದು ಕಚೇರಿಯವರು ಹೇಳಿದರು. ಹೊರಗಿನ ಜಾತಿಯಾದ್ದರಿಂದ ಕೊಂದುಬಿಡುವುದೇ ಸರಿ ಎಂದು ಇನ್ನೊಂದು ಕಚೇರಿ. ಕೆನ್ಯಾದ ಬೆಟ್ಟದಲ್ಲೇ ಬಿಟ್ಟುಬಿಡಿ, ಅಲ್ಲೂ ಚಳಿ ಇದೆಯಲ್ಲ ಎಂದು ಒಬ್ಬ ದೊಡ್ಡ ಅಧಿಕಾರಿ ಉದಾರವಾಗಿ ಸಲಹೆ ಕೊಟ್ಟರು. ಅಲ್ಲಿ ಅವುಗಳ ಹೂವಿಲ್ಲ, ಜೊತೆಯಿಲ್ಲ. ಇಲ್ಲಿನ ಸೂರಕ್ಕಿಗಳಿಗೆ ಇವುಗಳ ರೋಗ ಅಂಟಿದರೆ ಯಾರು ಹೊಣೆ ಎಂದು ಕೇಳಿದ್ದಕ್ಕೆ ಅವರಿಗೆ ಬೇಸರವಾಯಿತು. ನಾನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದೆ. ಎಲ್ಲರೂ ಒಳ್ಳೆಯ ಮಾತೇ ಆಡಿದರು, "ಪೋಲೆ, ಡಾಕ್ಟಾರಿ" ಎಂದು ಮರುಗಿದರು, ಚಹಾ ಕೊಟ್ಟರು. ಸಹಿ ಮಾತ್ರ ಕೊಡಲಿಲ್ಲ.

ಕ್ಲಿನಿಕ್‌ನಲ್ಲಿ ನಾವು ಒಂದು ಕೋಣೆ ಖಾಲಿ ಮಾಡಿದೆವು. ಗೋಡೆಗೆ ಒರಟು ಕಲ್ಲುಗಳನ್ನು ಜೋಡಿಸಿ ಸಂದುಗಳನ್ನು ಬಿಟ್ಟೆವು. ರಾತ್ರಿ ಎಸಿ ಹಾಕಿ ತಣ್ಣಗೆ ಮಾಡುತ್ತಿದ್ದೆವು. ಮಕರಂದ ಒಂದೇ ಸಾಲದು, ಈ ಹಕ್ಕಿಗೆ ಸಣ್ಣ ಹುಳುಗಳೂ ಬೇಕು. ವಿಕ್ಟರ್ ಬಕೆಟ್ಟುಗಳಲ್ಲಿ ಪಪ್ಪಾಯಿ ಕೊಳೆಸಿ ಹಣ್ಣಿನ ನೊಣ ಸಾಕಿದರು. ಮನೆಗೆಲ್ಲಾ ವಾಸನೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ರೀಟಾ ಮೂಗು ಮುಚ್ಚಿಕೊಂಡು "ಡ್ಯಾಡ್, ದಿಸ್ ಈಸ್ ಡಿಸ್ಗಸ್ಟಿಂಗ್" ಎನ್ನುತ್ತಲೇ ಬಕೆಟ್ಟುಗಳನ್ನು ಹೊತ್ತು ಕೊಡುತ್ತಿದ್ದಳು. ನನ್ನ ಬೇಲಿಯ ಕಿತ್ತಳೆ ಬಣ್ಣದ ಲಿಯೊನೊಟಿಸ್ ಹೂಗಳನ್ನು ಕಡ್ಡಿ ಸಮೇತ ಕತ್ತರಿಸಿ ಇಟ್ಟೆವು. ಅದು ಇಲ್ಲಿನ ಬೆಟ್ಟದ ಸೂರಕ್ಕಿಗಳ ಪ್ರೀತಿಯ ಹೂವು. ಒಂದು ಗಂಡು ಹಾರಿ ಬಂದು ಅದರ ಮೇಲೆ ಕೂತು, ಹುಟ್ಟಿದಂದಿನಿಂದ ಗೊತ್ತಿದ್ದ ಹೂವೆಂಬಂತೆ ಕೊಕ್ಕು ಇಳಿಸಿತು. ಆ ಮಧ್ಯಾಹ್ನ ನಾನು ತುಂಬಾ ದಿನಗಳ ನಂತರ ಸಮಾಧಾನದಿಂದ ಊಟ ಮಾಡಿದೆ.

ಆದರೆ ಸಹಿಗಳಿಗಾಗಿ ಕಾಯುವಷ್ಟರಲ್ಲಿ ನಾಲ್ಕು ಹಕ್ಕಿಗಳು ಸತ್ತವು. ಒಂದಕ್ಕೆ ಶಿಲೀಂಧ್ರದ ಸೋಂಕು. ಉಳಿದ ಮೂರು ಒಂದೊಂದಾಗಿ ಕುಗ್ಗಿ ಹೋದವು. ಪ್ರತಿ ಸಲವೂ ಶವಪರೀಕ್ಷೆ ಮಾಡಿ ವರದಿ ಕಳಿಸಿದೆ. ಯಾವ ಕಚೇರಿಯಿಂದಲೂ ಒಂದು ಸಾಲಿನ ಉತ್ತರ ಬರಲಿಲ್ಲ.

ಕೋರ್ಟಿನಲ್ಲಿ ಪ್ರಭಾಕರನ ವಕೀಲರು ಒಟಿಯೆನೊ ಅವರ ವರದಿಯನ್ನೇ ಎತ್ತಿ ಹಿಡಿದರು. ಸರ್ಕಾರದ ಅಧಿಕಾರಿಯೇ ಹಕ್ಕಿಗಳು ಸತ್ತಿದ್ದವು ಎಂದಿದ್ದಾರೆ, ನನ್ನ ಕಕ್ಷಿದಾರರ ಪೆಟ್ಟಿಗೆಯಲ್ಲಿದ್ದದ್ದು ಅಲಂಕಾರದ ಒಣಹಕ್ಕಿ, ಡಾಕ್ಟರ್ ತೋರಿಸುತ್ತಿರುವುದು ಬೇರೆ ಎಲ್ಲಿಂದಲೋ ತಂದ ಹಕ್ಕಿಗಳು ಎಂದರು. ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆಂಡೀಸ್ ಹಕ್ಕಿಯನ್ನು ನಾನು ಯಾವ ಅಂಗಡಿಯಿಂದ ತರಲಿ? ಎದ್ದು ಕೂಗಬೇಕೆನಿಸಿತು. ವಂಜಿರು ನನ್ನ ಮೊಣಕೈ ಹಿಡಿದು ಕೂರಿಸಿದಳು.

ಮ್ಯಾಜಿಸ್ಟ್ರೇಟರು ನಡುವಯಸ್ಸಿನ ಮಹಿಳೆ, ಮೆಲುದನಿ. "ಡಾಕ್ಟರ್, ಸತ್ತಂತೆ ಕಾಣುವ ಹಕ್ಕಿ ಎದ್ದು ಹಾರುತ್ತದೆ ಎನ್ನುತ್ತೀರಿ. ನಾನು ನೋಡಬಹುದೇ?" ಎಂದು ಕೇಳಿದರು.

ಮರುವಾರ ಬೆಳಿಗ್ಗೆ ಅವರು, ಎರಡೂ ಕಡೆಯ ವಕೀಲರು, ಪ್ರಭಾಕರ, ಒಟಿಯೆನೊ ನನ್ನ ಕ್ಲಿನಿಕ್‌ಗೆ ಬಂದರು. ತಣ್ಣನೆಯ ಕೋಣೆಯಲ್ಲಿ ಏಳು ಹಕ್ಕಿಗಳು ಕಲ್ಲಿನ ಸಂದಿನಲ್ಲಿ ಕೊಕ್ಕು ಮೇಲೆತ್ತಿ, ಗರಿ ಉಬ್ಬಿಸಿ, ಕದಲದೆ ಕೂತಿದ್ದವು. ಪ್ರಭಾಕರನ ವಕೀಲರು ಬಗ್ಗಿ ನೋಡಿ, ಒಂದನ್ನು ತೋರಿಸಿ, "ನೋಡಿ ಮೇಡಂ, ಇದಂತೂ ಸತ್ತೇಹೋಗಿದೆ," ಎಂದರು.

ಮ್ಯಾಜಿಸ್ಟ್ರೇಟರು ಕುರ್ಚಿ ಎಳೆದುಕೊಂಡು ಕೂತರು. "ಕಾಯೋಣ," ಎಂದರು.

ನಾನು ಎಸಿ ಆರಿಸಿ ಪರದೆ ಸರಿಸಿದೆ. ಕಿಟಕಿಯಿಂದ ಬಿಸಿಲು ಕಲ್ಲಿನ ಮೇಲೆ ಬಿತ್ತು. ವಕೀಲರು ಬೆರಳು ಮಾಡಿದ್ದ ಅದೇ ಹಕ್ಕಿ ಮೊದಲು ನಡುಗತೊಡಗಿತು. ಆಮೇಲೆ ಕಣ್ಣು ತೆರೆಯಿತು. ಆಮೇಲೆ ಒಂದೇ ಏಟಿಗೆ ಹಾರಿ ಹೋಗಿ ಹೂವಿಗೆ ಅಂಟಿಕೊಂಡಿತು. ಮ್ಯಾಜಿಸ್ಟ್ರೇಟರು ಒಟಿಯೆನೊ ಅವರ ಕಡೆ ತಿರುಗಿ, "ಆ ದಿನ ನೀವು ಎಷ್ಟು ಹೊತ್ತು ಕಾದಿರಿ?" ಎಂದು ಕೇಳಿದರು. ಒಟಿಯೆನೊ ನೆಲ ನೋಡಿದರು. "ಕಾಯಲಿಲ್ಲ ಮೇಡಂ. ನನ್ನ ವರದಿ ತಪ್ಪು," ಎಂದರು. ಆ ಒಂದು ಮಾತಿಗೆ ನಾನು ಆ ಮನುಷ್ಯನನ್ನು ಇಂದಿಗೂ ಗೌರವಿಸುತ್ತೇನೆ.

ಪ್ರಭಾಕರ ತಪ್ಪಿತಸ್ಥನೆಂದು ತೀರ್ಪಾಯಿತು. ಶಿಕ್ಷೆ ದಂಡ ಮಾತ್ರ. ಅವತ್ತೇ ಕಟ್ಟಿ ಮನೆಗೆ ಹೋದ. ಹಕ್ಕಿಗಳನ್ನು ತವರಿಗೆ ಕಳಿಸಲು ಕೋರ್ಟು ಆದೇಶಿಸಿತು, ವಿಮಾನ ಕಂಪನಿಗಳು ಹಿಂದೆ ಮುಂದೆ ನೋಡಿದವು, ಕೊನೆಗೂ ಒಂದು ಒಪ್ಪಿತು. ಜೊತೆಗೆ ಹೋಗಿ ದಾರಿಯಲ್ಲಿ ಕುಡಿಸಲು ಆಂಡೀಸ್ ಕಡೆಯ ಒಬ್ಬ ಯುವ ಪಶುವೈದ್ಯೆಯೇ ಬಂದಳು. ಹೊರಟ ಏಳರಲ್ಲಿ ಐದು ಬೆಟ್ಟ ಸೇರಿದವು. ಅವಳು ಕಳಿಸಿದ ವಿಡಿಯೋದಲ್ಲಿ ಮಂಜು, ಗಾಳಿಯ ಸದ್ದು, ಮುಳ್ಳಿನ ಪೊದೆಯ ಕಿತ್ತಳೆ ಹೂವು. ಒಂದು ಹಕ್ಕಿ ಅದರ ಮೇಲೆ ಕೂತು, ಕುಡಿದು, ಬಂಡೆಯ ಹಿಂದೆ ಮರೆಯಾಯಿತು. ವಿಕ್ಟರ್ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಹತ್ತೊಂಬತ್ತರಲ್ಲಿ ಐದು. ಇದನ್ನು ಗೆಲುವು ಎಂದು ಅಭಿನಂದಿಸಿದವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ.

ಆ ನವೆಂಬರ್‌ನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ. ಬಿಸಿಬೇಳೆಬಾತಿನ ಪರಿಮಳ, ಹೆಂಗಸರ ರೇಷ್ಮೆ, ಮಕ್ಕಳ ಇಂಗ್ಲಿಷ್ ಮಾತು. ಸಂಘಟಕರು ನನ್ನನ್ನು ವೇದಿಕೆಗೆ ಕರೆದರು. ಹಿರಿಯರು ಅಂತ ಕರೆದಿರಬೇಕು ಎಂದುಕೊಂಡೆ. ಕೈಗೆ ಒಂದು ಶಾಲು ಕೊಟ್ಟು ಮೈಕಿನಲ್ಲಿ ಹೇಳಿದರು, "ಈಗ ನಮ್ಮ ಊಟದ ಪ್ರಾಯೋಜಕರಾದ ಶ್ರೀ ಪ್ರಭಾಕರ್ ಅವರನ್ನು ಡಾಕ್ಟರ್ ಹೆಲೆನ್ ಅವರು ಸನ್ಮಾನಿಸುತ್ತಾರೆ."

ಪ್ರಭಾಕರ ಕೈಮುಗಿದು ಮೆಟ್ಟಿಲು ಹತ್ತಿ ಬಂದ. "ಹಳೇದೆಲ್ಲಾ ಮರೆತುಬಿಡೋಣ ಅಕ್ಕ," ಎಂದು ಮೆಲ್ಲಗೆ ಹೇಳಿದ. ಮರೆಯಬೇಕಾದವಳು ನಾನು. ಕ್ಷಮೆ ಕೇಳಬೇಕೆಂದು ಅವನಿಗೆ ಅನಿಸಿಯೇ ಇರಲಿಲ್ಲ.

ಶಾಲನ್ನು ಮಡಚಿ ಮೇಜಿನ ಮೇಲಿಟ್ಟು ಮೈಕ್ ತೆಗೆದುಕೊಂಡೆ. "ಈ ಶಾಲು ನಾನು ಹೊದಿಸುವುದಿಲ್ಲ. ಯಾಕೆ ಅಂತ ನಿಮಗೆ ಗೊತ್ತಾಗಬೇಕು," ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೈಯಲಿಲ್ಲ, ಕೂಗಲಿಲ್ಲ. ಬಟ್ಟೆಯಲ್ಲಿ ಸುತ್ತಿ ಹೊಲಿದದ್ದು, ಗುಲಾಬಿಯ ಕೆಳಗೆ ಇಟ್ಟದ್ದು, ಸತ್ತಿವೆ ಎಂದು ಬರೆಯಿರಿ ಎಂದು ನನಗೆ ಫೋನ್ ಮಾಡಿದ್ದು. ಪ್ರಭಾಕರ ಯಾವಾಗ ಇಳಿದು ಹೋದನೋ ನೋಡಲಿಲ್ಲ.

ಊಟದ ಸಾಲಿನಲ್ಲಿ ಒಬ್ಬ ಹಿರಿಯರು ಹತ್ತಿರ ಬಂದು, "ಹಬ್ಬದ ದಿನ ಹೀಗೆ ಮಾಡಬಾರದಿತ್ತಮ್ಮ. ಅಷ್ಟು ಚಿಕ್ಕ ಹಕ್ಕಿಗೋಸ್ಕರ ನಮ್ಮವರನ್ನೇ..." ಎಂದರು.

"ಎಷ್ಟು ದೊಡ್ಡ ಹಕ್ಕಿಯಾಗಿದ್ದರೆ ಹೇಳಬಹುದಿತ್ತು ಸರ್?" ಎಂದು ಕೇಳಿದೆ. ಅವರು ತಟ್ಟೆ ಹಿಡಿದು ಮುಂದೆ ಹೋದರು. ಮುಂದಿನ ವರ್ಷ ನಮಗೆ ಆಹ್ವಾನ ಬರಲಿಲ್ಲ. ಕೆಲವು ಮನೆಗಳ ಬಾಗಿಲು ಮುಚ್ಚಿತು. ವಿಕ್ಟರ್‌ಗೆ ಇಸ್ಪೀಟಿನ ಜೊತೆಗಾರರು ಕಡಿಮೆಯಾದರು. ಆದರೂ ಅವರು ಒಂದು ದಿನವೂ ನನ್ನನ್ನು ಆಕ್ಷೇಪಿಸಲಿಲ್ಲ.

ಪಶುವೈದ್ಯರ ಕೆಲಸ ಗಾಯಕ್ಕೆ ಔಷಧ ಹಚ್ಚುವಲ್ಲಿಗೆ ಮುಗಿಯುತ್ತದೆ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಮುಗಿಯುವುದಿಲ್ಲ ಎಂದು ಈ ಪ್ರಕರಣ ಕಲಿಸಿತು. ನಮ್ಮ ರೋಗಿಗೆ ಮಾತು ಬರುವುದಿಲ್ಲ. ಗಾಯ ಮಾಡಿದವನು ಯಾರು ಎಂದು ಅದು ಹೇಳಲಾರದು. ನೋಡಿದವರು ಹೇಳಬೇಕು. ಕೋರ್ಟಿನಲ್ಲಿ ಹೇಳುವುದು ಸುಲಭ, ಅಲ್ಲಿ ಕೇಳಲೆಂದೇ ಒಬ್ಬರು ಕೂತಿರುತ್ತಾರೆ. ನಮ್ಮವರ ಹಾಲ್‌ನಲ್ಲಿ, ಊಟದ ಪರಿಮಳದ ನಡುವೆ, ಯಾರಿಗೂ ಕೇಳಲು ಮನಸ್ಸಿಲ್ಲದಾಗ ಹೇಳುವುದು ಕಷ್ಟ. ಅದೂ ಕೆಲಸದ ಭಾಗವೇ.